ಬಿಟ್ಟುಕೊಟ್ಟ ಔಟುಗಳ ಲೆಕ್ಕ: ಹವ್ಯಾಸಿ ಸಾಫ್ಟ್‌ಬಾಲ್ ತಂಡದ ಚೇತರಿಕೆ

ಸಭೆಯಲ್ಲಿರುವ ಆಟಗಾರರಿಗೂ ತರಬೇತುದಾರರಿಗೂ ಕ್ರೀಡಾಸಕ್ತರಿಗೂ ನಮಸ್ಕಾರ.

ಹವ್ಯಾಸಿ ಸಾಫ್ಟ್‌ಬಾಲ್ ತಂಡವೊಂದು ಋತುವಿನ ಮೊದಲರ್ಧದಲ್ಲಿ ಒಂದರ ಹಿಂದೊಂದು ಪಂದ್ಯ ಸೋತು, ಅಂಕಪಟ್ಟಿಯ ತಳಕ್ಕಿಳಿದು, ಉಳಿದರ್ಧದಲ್ಲಿ ಮತ್ತೆ ಮೇಲೇಳುವುದು ಹೇಗೆ ಎಂಬುದು ಇಂದಿನ ವಿಷಯ. ಸೋಲುತ್ತಿರುವ ತಂಡದವರನ್ನು ಮಾತನಾಡಿಸಿದರೆ ಹೆಚ್ಚಿನವರು ಬ್ಯಾಟಿಂಗನ್ನೇ ದೂರುತ್ತಾರೆ. ಹೊಸ ಬ್ಯಾಟ್ ತರಬೇಕು, ಬಲವಾಗಿ ಹೊಡೆಯುವ ಒಬ್ಬರನ್ನು ಸೇರಿಸಿಕೊಳ್ಳಬೇಕು ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಹವ್ಯಾಸಿ ತಂಡಕ್ಕೆ ಚೇತರಿಕೆಯ ದಾರಿ ತೆರೆಯುವುದು ಎದುರಾಳಿಗೆ ಪುಕ್ಕಟೆಯಾಗಿ ಸಿಗುತ್ತಿದ್ದ ಔಟುಗಳನ್ನೂ ಬೇಸುಗಳನ್ನೂ (ರನ್ ಗಳಿಸಲು ಓಟಗಾರರು ಒಂದೊಂದಾಗಿ ಮುಟ್ಟಬೇಕಾದ ತಾಣಗಳು) ಕೊಡುವುದು ನಿಂತಾಗ ಎಂದು ನಾನು ದೃಢವಾಗಿ ನಂಬಿದ್ದೇನೆ.

ಈ ಆಟ ಹುಟ್ಟಿದ್ದೇ ಬಿಡುವಿನ ವೇಳೆಯ ಆಟವಾಗಿ. 1887ರಲ್ಲಿ ಶಿಕಾಗೋದ ಫರಗಟ್ ಬೋಟ್ ಕ್ಲಬ್ಬಿನಲ್ಲಿ ಜಾರ್ಜ್ ಹ್ಯಾನ್‌ಕಾಕ್ ಬಾಕ್ಸಿಂಗ್ ಗ್ಲೌಸನ್ನು ಉಂಡೆಯಾಗಿ ಕಟ್ಟಿ ಚೆಂಡು ಮಾಡಿಕೊಂಡು, ಒಳಾಂಗಣದಲ್ಲಿ ಆಡಬಹುದಾದ ಬೇಸ್‌ಬಾಲ್ ಒಂದನ್ನು ರೂಪಿಸಿದರು. ಇಂದು ಹವ್ಯಾಸಿ ಲೀಗುಗಳಲ್ಲಿ ಹೆಚ್ಚಾಗಿ ನಡೆಯುವುದು ಅದರ ನಿಧಾನಗತಿಯ ಪ್ರಕಾರವಾದ ಸ್ಲೋ ಪಿಚ್. ಇದರಲ್ಲಿ ಹತ್ತು ಮಂದಿ ಫೀಲ್ಡಿಂಗ್ ಮಾಡುತ್ತಾರೆ. ಸುಮಾರು 12 ಇಂಚು ಸುತ್ತಳತೆಯ ಚೆಂಡನ್ನು ಪಿಚರ್ ಕೆಳಗೈಯಿಂದ, ಕಮಾನಿನಂತೆ ಮೇಲೇರಿ ಇಳಿಯುವ ಹಾಗೆ ಎಸೆಯುತ್ತಾರೆ. ಹೀಗೆ ಬಂದ ಚೆಂಡಿಗೆ ಬ್ಯಾಟ್ ತಾಗಿಸುವುದು ಬಹುತೇಕ ಎಲ್ಲರಿಗೂ ಸಾಧ್ಯ. ಎಲ್ಲರೂ ಹೊಡೆಯಬಲ್ಲ ಆಟದಲ್ಲಿ ಎರಡು ತಂಡಗಳ ನಡುವಿನ ವ್ಯತ್ಯಾಸ ಕಾಣಿಸುವುದು ಹೊಡೆದ ಚೆಂಡನ್ನು ಯಾರು ಹಿಡಿಯುತ್ತಾರೆ, ಹಿಡಿದು ಎಲ್ಲಿಗೆ ಎಸೆಯುತ್ತಾರೆ ಎಂಬುದರಲ್ಲಿ.

ಲೆಕ್ಕ ಸರಳ. ಏಳು ಇನಿಂಗ್ಸ್, ಇನಿಂಗ್ಸಿಗೆ ಮೂರು ಔಟ್, ಒಂದು ತಂಡಕ್ಕೆ ಒಟ್ಟು 21 ಔಟ್. ಸುಲಭದ ಕ್ಯಾಚ್ ಕೈಬಿಟ್ಟು, ನೆಲದ ಮೇಲೆ ಉರುಳಿ ಬಂದ ಚೆಂಡನ್ನು ಕಾಲುಗಳ ನಡುವೆ ಬಿಟ್ಟು, ಮೊದಲ ಬೇಸಿನ ಆಟಗಾರರ ತಲೆಯ ಮೇಲೆ ಎಸೆದು ತಂಡವೊಂದು ಐದು ಔಟುಗಳನ್ನು ಕಳೆದುಕೊಂಡರೆ ಎದುರಾಳಿಗೆ 26 ಔಟುಗಳ ಪಂದ್ಯ ಸಿಕ್ಕಂತಾಯಿತು. ಎರಡು ಹೆಚ್ಚುವರಿ ಇನಿಂಗ್ಸಿಗೆ ಒಂದೇ ಔಟ್ ಕಡಿಮೆ. ಅಷ್ಟನ್ನು ಬಿಟ್ಟುಕೊಟ್ಟ ಮೇಲೆ ನಾಲ್ಕು ರನ್‌ಗಳಿಂದ ಸೋತವರು ಬ್ಯಾಟಿಂಗನ್ನು ಬೈಯುವುದು ನ್ಯಾಯವಲ್ಲ.

ಕೈಬಿಟ್ಟ ಕ್ಯಾಚ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದೆ ಹೋಗುವ ನಷ್ಟವೊಂದಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎದುರಾಳಿಯ ಓಟಗಾರ ಎರಡನೇ ಬೇಸಿನಲ್ಲಿದ್ದಾರೆ, ಒಬ್ಬರು ಔಟಾಗಿದ್ದಾರೆ ಎಂದಿಟ್ಟುಕೊಳ್ಳಿ. ಬ್ಯಾಟ್ ಮಾಡುವವರು ಎಡ ಔಟ್‌ಫೀಲ್ಡಿನ ಕಡೆಗೆ ನೇರವಾಗಿ ಹೊಡೆಯುತ್ತಾರೆ. ಎಡ ಫೀಲ್ಡರ್ ಚೆಂಡನ್ನು ಎತ್ತಿಕೊಳ್ಳುವ ಹೊತ್ತಿಗೆ ಎರಡನೇ ಬೇಸಿನಲ್ಲಿದ್ದವರು ಮೂರನೆಯದನ್ನು ದಾಟಿ, ತಲುಪಿದರೆ ರನ್ ಸಿಗುವ ಕೊನೆಯ ತಾಣವಾದ ಹೋಂ ಕಡೆಗೆ ಓಡುತ್ತಿರುತ್ತಾರೆ. ಫೀಲ್ಡರಿಗೆ ರಕ್ತ ಬಿಸಿಯಾಗಿರುತ್ತದೆ. ತೋಳಿನ ಬಲವನ್ನೆಲ್ಲ ಹಾಕಿ ನೇರ ಹೋಂಗೆ ಎಸೆಯುತ್ತಾರೆ. ಚೆಂಡು ಎಲ್ಲರ ತಲೆಯ ಮೇಲಿಂದ ಹಾರಿ, ಎರಡು ಸಲ ಪುಟಿದು ತಡವಾಗಿ ತಲುಪುತ್ತದೆ. ರನ್ ಹೇಗೂ ಹೋಯಿತು. ಆದರೆ ಚೆಂಡು ಗಾಳಿಯಲ್ಲಿದ್ದಷ್ಟು ಹೊತ್ತು ಹೊಡೆದವರು ನಿಲ್ಲದೆ ಓಡಿ ಎರಡನೇ ಬೇಸ್ ಸೇರಿಕೊಂಡಿರುತ್ತಾರೆ. ಈಗ ಇನ್ನೊಂದು ಸಾಧಾರಣ ಹೊಡೆತಕ್ಕೇ ಅವರೂ ಹೋಂ ತಲುಪಬಲ್ಲರು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಅವರು ಮೊದಲ ಬೇಸಿನಲ್ಲೇ ಉಳಿದಿದ್ದರೆ ಮುಂದಿನ ನೆಲದ ಚೆಂಡಿಗೆ ಡಬಲ್ ಪ್ಲೇ ಮಾಡಿ, ಅಂದರೆ ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡಿ, ಇನಿಂಗ್ಸನ್ನೇ ಮುಗಿಸಬಹುದಾಗಿತ್ತು. ಆ ಅವಕಾಶವೂ ಅದೇ ಎಸೆತದೊಂದಿಗೆ ಹೋಯಿತು.

ಇದಕ್ಕೆ ಪರಿಹಾರ ಬಲವಾದ ತೋಳಲ್ಲ. ಚೆಂಡು ಎಡಕ್ಕೆ ಹೋದೊಡನೆ ಒಳವಲಯದವರೊಬ್ಬರು, ಸಾಮಾನ್ಯವಾಗಿ ಮೂರನೇ ಬೇಸಿನವರು ಅಥವಾ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸುಗಳ ನಡುವೆ ನಿಲ್ಲುವವರು), ಎಸೆಯುವವರಿಗೂ ಹೋಂಗೂ ನಡುವಿನ ಗೆರೆಯಲ್ಲಿ ಬಂದು ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಫೀಲ್ಡರ್ ಅವರ ಎದೆಯ ಮಟ್ಟಕ್ಕೆ ಎಸೆಯಬೇಕು. ಹೋಂನಲ್ಲಿ ಔಟ್ ಮಾಡುವ ಸಾಧ್ಯತೆ ಇದೆಯೆಂದು ಹೋಂ ಹಿಂದೆ ನಿಲ್ಲುವ ಕ್ಯಾಚರಿಗೆ ಕಂಡರೆ ಚೆಂಡನ್ನು ಹಾಗೆಯೇ ಬಿಡುವಂತೆ ಕೂಗುತ್ತಾರೆ. ಇಲ್ಲವಾದರೆ ನಡುವೆ ನಿಂತವರು ಹಿಡಿದು ಎರಡನೇ ಬೇಸಿನತ್ತ ತಿರುಗುತ್ತಾರೆ. ಚೆಂಡು ತಲೆಯ ಮೇಲೆ ಹಾರದೆ ಕೆಳಮಟ್ಟದಲ್ಲಿ ಬರುವುದನ್ನು ಕಂಡರೇ ಸಾಕು, ಹೊಡೆದವರು ಮೊದಲ ಬೇಸಿನಲ್ಲಿ ನಿಂತುಬಿಡುತ್ತಾರೆ. ಅಭ್ಯಾಸದ ಅರ್ಧ ಗಂಟೆಯನ್ನು ಇದೊಂದಕ್ಕೇ ಮೀಸಲಿಟ್ಟ ತಂಡ ಮುಂದಿನ ಪಂದ್ಯದಲ್ಲೇ ಬೇರೆಯಾಗಿ ಕಾಣುತ್ತದೆ. ವಯಸ್ಸಾದವರೂ ನಿಧಾನವಾಗಿ ಓಡುವವರೂ ಇದನ್ನು ಇತರರಷ್ಟೇ ಚೆನ್ನಾಗಿ ಮಾಡಬಲ್ಲರು ಎಂಬ ಕಾರಣಕ್ಕೆ ಇದು ನನಗೆ ಬಹಳ ಇಷ್ಟವಾದ ಅಭ್ಯಾಸ.

ಪಿಚರ್‌ಗಳಿಗೆ ಹೇಳಬೇಕಾದದ್ದು ಸ್ವಲ್ಪವೇ. ನಾಲ್ಕು ಬಾಲ್ (ಗುರಿ ತಪ್ಪಿದ ಎಸೆತ) ಕೊಟ್ಟು ಯಾರನ್ನೂ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆಸಿ ಕಳಿಸಬೇಡಿ. ಹೊಡೆಯಲಿ, ಹಿಡಿಯಲು ನಿಮ್ಮ ಹಿಂದೆ ಜನರಿದ್ದಾರೆ.

ಇನ್ನು ಸೋಲಿನ ಸರಣಿಯನ್ನು ಓದುವ ಬಗೆಯ ಬಗ್ಗೆ. ಗೆಲುವು ಸೋಲುಗಳ ಸಂಖ್ಯೆಗಿಂತ ಗಳಿಸಿದ ಮತ್ತು ಕೊಟ್ಟ ರನ್‌ಗಳ ಮೊತ್ತ ತಂಡದ ನಿಜವಾದ ಶಕ್ತಿಯನ್ನು ಚೆನ್ನಾಗಿ ಹೇಳುತ್ತದೆ. ಬೇಸ್‌ಬಾಲ್ ಅಂಕಿಅಂಶಗಳ ವಿಶ್ಲೇಷಕ ಬಿಲ್ ಜೇಮ್ಸ್ ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ: ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ನಿರೀಕ್ಷಿತ ಗೆಲುವಿನ ಪ್ರಮಾಣ ಸಿಗುತ್ತದೆ. ಆರು ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದ ತಂಡ 50 ರನ್ ಗಳಿಸಿ 56 ಕೊಟ್ಟಿದೆ ಎನ್ನೋಣ. ಸೂತ್ರದ ಪ್ರಕಾರ ಅದರ ಪಾಲು ಶೇಕಡಾ 44ರಷ್ಟು, ಅಂದರೆ ಆರರಲ್ಲಿ ಎರಡು ಅಥವಾ ಮೂರು ಗೆಲುವು. ಸಾಫ್ಟ್‌ಬಾಲಿಗೆ ಇದನ್ನು ಸ್ಥೂಲ ಅಂದಾಜಾಗಿ ಮಾತ್ರ ಬಳಸಬೇಕು. ಆದರೂ ಅಂಥ ತಂಡದ ನಾಯಕರು ಬ್ಯಾಟಿಂಗ್ ಕ್ರಮವನ್ನೂ ಆಟಗಾರರ ಜಾಗಗಳನ್ನೂ ಬುಡಮೇಲು ಮಾಡುವುದು ಅವಸರದ ಕೆಲಸವಾಗುತ್ತದೆ. ಪಂದ್ಯಕ್ಕೊಂದು ಔಟನ್ನು ಉಳಿಸಿಕೊಂಡರೂ ಅವರ ಋತುವಿನ ದಿಕ್ಕು ಬದಲಾಗಬಹುದು. ಪ್ರತಿ ಪಂದ್ಯದಲ್ಲೂ ಹತ್ತು ಹದಿನೈದು ರನ್‌ಗಳಿಂದ ಸೋಲುತ್ತಿರುವ ತಂಡದ ಮಾತು ಬೇರೆ. ಅದಕ್ಕೆ ಕೆಳ ದರ್ಜೆಯ ವಿಭಾಗಕ್ಕೆ ಹೋಗುವುದೇ ಗೌರವದ ದಾರಿ.

ಪುಟಿದೇಳುವ ಮಾತು ಬಂದಾಗ 2008ರ ಬೀಜಿಂಗ್ ಒಲಿಂಪಿಕ್ಸ್ ನೆನಪಾಗುವುದು ಸಹಜ. ಜಪಾನಿನ ಮಹಿಳಾ ತಂಡ ಅಮೆರಿಕಕ್ಕೆ ಲೀಗ್ ಹಂತದಲ್ಲಿ ಒಮ್ಮೆ, ನಾಕೌಟ್ ಹಂತದಲ್ಲಿ ಇನ್ನೊಮ್ಮೆ ಸೋತು, ಅಂತಿಮ ಪಂದ್ಯದಲ್ಲಿ ಅದೇ ಅಮೆರಿಕವನ್ನು 3–1ರಿಂದ ಸೋಲಿಸಿ ಚಿನ್ನ ಗೆದ್ದಿತು. ಪಿಚರ್ ಯುಕಿಕೊ ಉಎನೊ ಎರಡು ದಿನಗಳಲ್ಲಿ 413 ಎಸೆತಗಳನ್ನು ಎಸೆದಿದ್ದರು. ಅದು ಅಸಾಮಾನ್ಯ ಸಾಹಸ. ಹವ್ಯಾಸಿ ತಂಡಕ್ಕೆ ಮಾತ್ರ ಅದು ಮಾದರಿಯಾಗಲಾರದು, ಏಕೆಂದರೆ ಇಲ್ಲಿ ಯಾರೊಬ್ಬರ ಭುಜದ ಮೇಲೂ ಇಡೀ ತಂಡವನ್ನು ಹೊರಿಸುವಂತಿಲ್ಲ. ಅಂತಿಮ ಪಂದ್ಯದಲ್ಲಿ ಎದುರಾಳಿಗೆ ಸಿಕ್ಕಿದ್ದು ಒಂದೇ ರನ್ ಎಂಬುದನ್ನು ಮಾತ್ರ ನಾವು ಗಮನಿಸಬೇಕು.

ಹವ್ಯಾಸಿ ತಂಡದ ನಿಜವಾದ ಶತ್ರು ಗೈರುಹಾಜರಿ. ಎಲ್ಲರೂ ಉದ್ಯೋಗ, ಸಂಸಾರಗಳ ನಡುವೆ ಬಿಡುವು ಮಾಡಿಕೊಂಡು ಬರುವವರು. ಸತತ ಸೋಲು ಎದುರಾದಾಗ ‘ಈ ವಾರ ಆಗುವುದಿಲ್ಲ’ ಎಂಬ ಸಂದೇಶಗಳು ಹೆಚ್ಚುತ್ತವೆ. ಹತ್ತರ ಜಾಗದಲ್ಲಿ ಒಂಬತ್ತು ಮಂದಿ ಬಂದರೆ ಔಟ್‌ಫೀಲ್ಡಿನಲ್ಲಿ ಒಂದು ಭಾಗ ಬರಿದಾಗುತ್ತದೆ. ಕೆಲವು ಲೀಗುಗಳಲ್ಲಿ ಬಾರದವರ ಬ್ಯಾಟಿಂಗ್ ಸರದಿಯನ್ನು ಔಟ್ ಎಂದೇ ಬರೆದುಕೊಳ್ಳುತ್ತಾರೆ. ಹೀಗೆ ಸೋಲು ಗೈರುಹಾಜರಿಯನ್ನೂ ಗೈರುಹಾಜರಿ ಮತ್ತೊಂದು ಸೋಲನ್ನೂ ಹೆರುತ್ತದೆ. ಆದ್ದರಿಂದ ಕೆಟ್ಟ ಪಂದ್ಯ ಮುಗಿದ ಸಂಜೆ ನಾಯಕರಾದವರು ಮಾಡಬೇಕಾದ ಮೊದಲ ಕೆಲಸ, ತಪ್ಪು ಮಾಡಿದವರಿಗೆ ತಾವೇ ಕರೆ ಮಾಡಿ ಮುಂದಿನ ವಾರ ಬರುವಂತೆ ಕೇಳುವುದು. ಕ್ಯಾಚ್ ಬಿಟ್ಟವರಿಗೆ ತಮ್ಮ ತಪ್ಪು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರಿಗೆ ಗೊತ್ತಿಲ್ಲದಿರುವುದು ತಂಡಕ್ಕೆ ತಾವಿನ್ನೂ ಬೇಕೋ ಬೇಡವೋ ಎಂಬುದು.

ಗೆಲುವು ಬರತೊಡಗಿದ ಮೇಲೆ ಹೊಸದೊಂದು ತೊಡಕು ಎದುರಾಗುತ್ತದೆ, ಇದರ ಬಗ್ಗೆ ಯಾರೂ ಮುಂಚಿತವಾಗಿ ಯೋಚಿಸಿರುವುದಿಲ್ಲ. ಎರಡು ಪಂದ್ಯ ಗೆದ್ದು ಮುಂದಿನ ಸುತ್ತಿನ ಆಸೆ ಹುಟ್ಟಿದೊಡನೆ, ದುರ್ಬಲ ಆಟಗಾರರನ್ನು ಹೊರಗೆ ಕೂರಿಸುವ ಮನಸ್ಸಾಗುತ್ತದೆ. ಸೋಲುವ ದಿನಗಳಲ್ಲಿ ತಪ್ಪದೆ ಬಂದವರೇ ಆಗ ಬೆಂಚಿನ ಮೇಲಿರುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಯಾರು ಯಾವ ಇನಿಂಗ್ಸಿನಲ್ಲಿ ಹೊರಗೆ ಕೂರುತ್ತಾರೆ ಎಂಬುದನ್ನು ಪಂದ್ಯಕ್ಕೆ ಮೊದಲೇ ಚೀಟಿಯಲ್ಲಿ ಬರೆದು ಎಲ್ಲರಿಗೂ ತೋರಿಸಬೇಕು. ಉತ್ತಮ ಆಟಗಾರರ ಸರದಿಯೂ ಅದರಲ್ಲಿರಬೇಕು. ಏಳನೇ ಇನಿಂಗ್ಸಿನಲ್ಲಿ ಒಂದು ರನ್ ಮುನ್ನಡೆ ಇದ್ದರೂ ಆ ಚೀಟಿಯನ್ನು ಬದಲಿಸಬಾರದು.