ಎದ್ದು ನಿಂತವರ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನಾವೆಲ್ಲ ಎದ್ದು ನಿಂತು ಸಂವಿಧಾನದ ಪೀಠಿಕೆ ಓದಿದೆವು. ಅದರ ಕೊನೆಯ ಭಾಗದಲ್ಲೇ ಇವತ್ತಿನ ತಾರೀಖು ಇದೆ: 1949ರ ನವೆಂಬರ್ 26, ಸಂವಿಧಾನ ಅಂಗೀಕಾರವಾದ ದಿನ. ಆ ಚರಿತ್ರೆ ನಿಮಗೆ ಗೊತ್ತಿರುವುದೇ. ನಾನು ಒಳಗೆ ಬರುವಾಗ ಒಬ್ಬಳು ಹುಡುಗಿ ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದಳು: "ಸರ್, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ, ಈ ಮೂರರಲ್ಲಿ ಯಾವುದು ದೊಡ್ಡದು?" ಒಳ್ಳೆಯ ಪ್ರಶ್ನೆ. ಬರೆದು ತಂದದ್ದು ಪಕ್ಕಕ್ಕಿರಲಿ, ಇದಕ್ಕೇ ಉತ್ತರ ಹೇಳುತ್ತೇನೆ.

ಪಾಠದ ಪುಸ್ತಕದಲ್ಲಿ ಮೂರು ಕಂಬದ ಚಿತ್ರ ಇರುತ್ತದೆ, ಅಲ್ವಾ? ಮೂರೂ ದೂರ ದೂರ, ಒಂದೇ ಎತ್ತರ. ಆ ಚಿತ್ರ ನನಗೆ ಅಷ್ಟು ಸರಿ ಅನಿಸುವುದಿಲ್ಲ. ವಿಧಾನಸಭೆಗೆ ಹೋಗಿ ನೋಡಿ. ಕಾನೂನು ಮಾಡುವ ಶಾಸಕರು, ಸರ್ಕಾರ ನಡೆಸುವ ಮಂತ್ರಿಗಳು, ಎಲ್ಲರೂ ಒಂದೇ ಸದನದಲ್ಲಿ ಕೂತಿರುತ್ತಾರೆ. ಸುಮ್ನೆ ಜಾಗ ಉಳಿಸುವುದಕ್ಕೆ ಹಾಗೆ ಮಾಡಿದ್ದಲ್ಲ. 164ನೇ ವಿಧಿ ಹೇಳುತ್ತದೆ, ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಜವಾಬ್ದಾರಿ. ಅಂದರೆ ಉತ್ತರ ಕೇಳುವವರ ಕಣ್ಣೆದುರಿಗೇ ಉತ್ತರ ಕೊಡಬೇಕಾದವರು ಕೂತಿರಬೇಕು.

2019ರ ಜುಲೈ 23 ನೆನಪಿದೆಯಾ? ನಿಮ್ಮಲ್ಲಿ ಕೆಲವರು ಆಗ ತೀರಾ ಚಿಕ್ಕವರು. ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ವಿಶ್ವಾಸಮತದ ದಿನ ಅದು. ನಾನು ಟಿವಿ ಮುಂದಿನಿಂದ ಏಳಲೇ ಇಲ್ಲ. ಒಂದೊಂದು ಸಾಲಿನ ಶಾಸಕರು ಎದ್ದು ನಿಲ್ಲುವುದು, ಅಧಿಕಾರಿಗಳು ತಲೆ ಎಣಿಸಿ ಬರೆದುಕೊಳ್ಳುವುದು, ಮತ್ತೆ ಮುಂದಿನ ಸಾಲು. ಪರವಾಗಿ 99, ವಿರೋಧವಾಗಿ 105. ಸರ್ಕಾರ ಬಿತ್ತು. ನಿಮಗೆ ಯಾವ ಪಕ್ಷ ಇಷ್ಟವೋ ನನಗೆ ಬೇಡ. ನಾನು ನೋಡಿದ್ದು ಆ ಎಣಿಕೆಯನ್ನು. ಇಡೀ ರಾಜ್ಯದ ಮುಂದೆ, ಬಾಗಿಲು ತೆರೆದಿಟ್ಟು ನಡೆದ ಎಣಿಕೆ.

ಹಾಗೆ ಎಣಿಸದೇ ಹೋದಾಗ ಏನಾಯಿತು ಅನ್ನುವುದೂ ನಮ್ಮ ರಾಜ್ಯದ್ದೇ ಕಥೆ. 1989ರ ಏಪ್ರಿಲ್. ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಶಾಸಕರೊಬ್ಬರು ರಾಜ್ಯಪಾಲರ ಕೈಗೆ 19 ಪತ್ರಗಳನ್ನು ಕೊಟ್ಟರು. ಇವರೆಲ್ಲ ಬೆಂಬಲ ವಾಪಸ್ ತೆಗೆದುಕೊಂಡಿದ್ದಾರೆ ಅಂತ. ರಾಜ್ಯಪಾಲರಿಂದ ದೆಹಲಿಗೆ ವರದಿ ಹೋಯಿತು. ಆಮೇಲೆ ಆ 19 ಜನರಲ್ಲಿ 7 ಜನ, ತಪ್ಪು ಮಾಹಿತಿ ಕೊಟ್ಟು ನಮ್ಮ ಸಹಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು! ಬೊಮ್ಮಾಯಿ ಕೇಳಿದ್ದು ಒಂದೇ: ಸದನ ಕರೆಯುತ್ತೇನೆ, ಅಲ್ಲಿ ಬಹುಮತ ತೋರಿಸುತ್ತೇನೆ. ಒಂದು ವಾರದ ಮಾತು ಅಷ್ಟೇ. ಆ ಒಂದು ವಾರ ಸಿಗಲಿಲ್ಲ. ಏಪ್ರಿಲ್ 21ಕ್ಕೆ 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂತು. ಈ ವಿಧಿ ಬಳಕೆಗೇ ಬಾರದೆ ಪುಸ್ತಕದಲ್ಲೇ ಉಳಿಯಲಿ ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು.

ಬೊಮ್ಮಾಯಿ ಹೈಕೋರ್ಟಿಗೆ ಹೋದರು, ಸೋತರು. ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನ ಆಗಬೇಕು, ರಾಜ್ಯಪಾಲರ ಸ್ವಂತ ಅಂದಾಜಿನಿಂದ ಅಲ್ಲ. ಕರ್ನಾಟಕದಲ್ಲಿ ಆದದ್ದು ಸಂವಿಧಾನಕ್ಕೆ ವಿರುದ್ಧ.

ಬೊಮ್ಮಾಯಿಗೆ ಕುರ್ಚಿ ವಾಪಸ್ ಬರಲಿಲ್ಲ. ಅಷ್ಟರಲ್ಲಿ 1989ರ ಚುನಾವಣೆ ಮುಗಿದು, ಬೇರೆ ಸರ್ಕಾರವೂ ಬಂದಿತ್ತು. ಇದನ್ನು ಹೇಳುವಾಗಲೆಲ್ಲ ನನಗೆ ಬೇಜಾರಾಗುತ್ತದೆ. ಸುಮಾರು ಐದು ವರ್ಷ ತಡವಾಗಿ ಬಂದ ನ್ಯಾಯ. ಆದರೆ 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ಬಹುಮತ ತೋರಿಸಲು 15 ದಿನ ಸಿಕ್ಕಿದ್ದಾಗ, ಸುಪ್ರೀಂ ಕೋರ್ಟ್ ಬೇಗನೇ ಸದನ ಕರೆಯಿಸಿತು. ಆ ಹೊತ್ತಿಗೆ ಬೊಮ್ಮಾಯಿ ಹಾಕಿಕೊಟ್ಟ ದಾರಿ ಇತ್ತು.

ಈಗ ಆ ಹುಡುಗಿಯ ಪ್ರಶ್ನೆಗೆ ಬನ್ನಿ. ಬೊಮ್ಮಾಯಿ ಪ್ರಕರಣದಲ್ಲಿ ಕೋರ್ಟ್ ದೊಡ್ಡದಾಯಿತಾ? ಇಲ್ಲ ನೋಡಿ. ಕೋರ್ಟ್ ತಾನೇ ತಲೆ ಎಣಿಸುವುದಕ್ಕೆ ಹೋಗಲಿಲ್ಲ. ಎಣಿಸಬೇಕಾದ ಜಾಗ ಯಾವುದು ಅಂತ ತೋರಿಸಿತು. ಅಷ್ಟೇ ಅದರ ಕೆಲಸ.

ದುಡ್ಡಿನ ವಿಷಯದಲ್ಲೂ ಇದೇ ಮಾತು. ಖಜಾನೆಯ ಬೀಗದ ಕೈ ಸರ್ಕಾರದ ಹತ್ತಿರ ಇದೆ ಅಂದುಕೊಳ್ಳುತ್ತೇವೆ. ಆದರೆ ಖರ್ಚಿಗೆ ಅನುಮತಿ ಕೊಡುವ ಧನವಿನಿಯೋಗ ಮಸೂದೆಗೆ ಸದನ ಒಪ್ಪದೆ, ಸಂಚಿತ ನಿಧಿಯಿಂದ, ಅಂದರೆ ರಾಜ್ಯದ ಮುಖ್ಯ ಖಜಾನೆಯಿಂದ, ಸರ್ಕಾರ ತನ್ನ ಖರ್ಚಿಗೆ ದುಡ್ಡು ತೆಗೆಯುವ ಹಾಗಿಲ್ಲ. ಖರ್ಚಾದ ಮೇಲೆ ಮಹಾಲೇಖಪಾಲರು ಲೆಕ್ಕ ನೋಡುತ್ತಾರೆ, ಆ ವರದಿಯೂ ಸದನಕ್ಕೇ ಬರಬೇಕು. ಅದೇ ತೆರೆದ ಬಾಗಿಲು.

ನ್ಯಾಯಾಧೀಶರಿಗೂ ಇದರಿಂದ ವಿನಾಯಿತಿ ಇಲ್ಲ. ಸುಪ್ರೀಂ ಕೋರ್ಟ್ ತನ್ನ ತೀರ್ಪನ್ನು ತೆರೆದ ನ್ಯಾಯಾಲಯದಲ್ಲೇ ಕೊಡಬೇಕು ಅಂತ 145ನೇ ವಿಧಿಯಲ್ಲಿ ಬರೆದಿದೆ. ಎಷ್ಟು ಪುಟ್ಟ ನಿಯಮ, ಎಷ್ಟು ದೊಡ್ಡ ಮಾತು! ನನಗೆ ತುಂಬಾ ಇಷ್ಟದ ಸಾಲು ಅದು. ಮಂತ್ರಿ ಸದನದಲ್ಲಿ, ನ್ಯಾಯಮೂರ್ತಿ ತೆರೆದ ಕೋರ್ಟಿನಲ್ಲಿ...

ಚೀಟಿ ಬಂತು, ಐದು ನಿಮಿಷ ಅಂತೆ. ಆಯ್ತು. ಕೇಶವಾನಂದ ಭಾರತಿ ಪ್ರಕರಣ ಬಿಟ್ಟುಬಿಡುತ್ತೇನೆ. ಕಾಸರಗೋಡು ಹತ್ತಿರದ ಎಡನೀರು ಮಠದ ಸ್ವಾಮೀಜಿ, 13 ನ್ಯಾಯಮೂರ್ತಿಗಳು, 7ಕ್ಕೆ 6ರ ಬಹುಮತದ ತೀರ್ಪು, 1973. ಸಂವಿಧಾನದ ಮೂಲರಚನೆಯನ್ನು, ಅಂದರೆ ಅದರ ಬುನಾದಿಯನ್ನು, ಸಂಸತ್ತೂ ಕೆಡಿಸುವ ಹಾಗಿಲ್ಲ ಎಂದು ಹೇಳಿದ ತೀರ್ಪು ಅದು. ಅದಕ್ಕೆ ಇನ್ನೊಂದು ದಿನವೇ ಬೇಕು.

ಗ್ರಾಮಸಭೆಯ ಬಗ್ಗೆ ಮೂರು ಪುಟ ಬರೆದುಕೊಂಡಿದ್ದೆ. ಇಷ್ಟು ಮಾತ್ರ ಹೇಳುತ್ತೇನೆ. 73ನೇ ತಿದ್ದುಪಡಿಯಿಂದ ಗ್ರಾಮಸಭೆ ಸಂವಿಧಾನದ ಒಳಗೇ ಬಂದಿದೆ. ಅಲ್ಲಿ ಸದಸ್ಯರು ನೀವು ಆರಿಸಿ ಕಳಿಸಿದವರಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ನೀವೇ. ಹಳ್ಳಿಯಿಂದ ಬಂದವರು ಈ ಸಲ ಊರಿಗೆ ಹೋದಾಗ, ಮುಂದಿನ ಸಭೆ ಯಾವತ್ತು ಅಂತ ಪಂಚಾಯಿತಿಯಲ್ಲಿ ಕೇಳಿ. ಹೋದ ಸಭೆಯ ನಡಾವಳಿ ಪುಸ್ತಕ ತೋರಿಸಿ ಅನ್ನಿ.

ಆ ಹುಡುಗಿ ಮತ್ತೆ ಕೈ ಎತ್ತಿದ್ದಾಳೆ. ಮೈಕು ಅವಳಿಗೆ ಕೊಡಿ. ಕೇಳಮ್ಮ.