ಮರದ ದುಡಿಮೆ ಯಾರದು, ದುಡ್ಡು ಯಾರದು

ಕೇಳುಗರೆಲ್ಲರಿಗೂ ನಮಸ್ಕಾರ.

ತುಮಕೂರು ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಹುಣಸೆ ಕಾಲ. ಜಗಲಿ ಮೇಲೆ ಕೂತು ಹಣ್ಣು ಕುಟ್ಟಿ, ಓಡು ಬಿಡಿಸಿ, ನಾರು ಎಳೆದು, ಬೀಜ ತೆಗೆಯುವವರು ಹೆಚ್ಚಾಗಿ ಹೆಂಗಸರೇ. ಹುಳಿ ತಗುಲಿ ತಗುಲಿ ಬೆರಳ ಸಂದಿ ಉರಿಯುತ್ತದೆ. ಆದರೆ ಮಂಡಿಗೆ ಹೋಗಿ ದರ ಮಾತಾಡುವವರು ಗಂಡಸರು. ಇದು ನನಗೆ ಬಹಳ ದಿನದಿಂದ ಕೊರೆಯುತ್ತಿರುವ ಸಂಗತಿ.

ಇದಕ್ಕೆ ಹೋಲಿಸಿ ನೋಡಲು ದೂರದ ಒಂದು ಸೀಮೆಯ ಮಾತು ಹೇಳುತ್ತೇನೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಅಮೆಜಾನ್ ಮಳೆಕಾಡಿನಲ್ಲಿ ನಾಪೋ ಅನ್ನುವ ಪ್ರಾಂತ್ಯವಿದೆ. ಅಲ್ಲಿನ ಮೂಲನಿವಾಸಿಗಳು ಕಿಚ್ವಾ ಜನ. ಅವರ ತೋಟಕ್ಕೆ ಚಾಕ್ರಾ ಎನ್ನುತ್ತಾರೆ. ಕಾಡಿನ ದೊಡ್ಡ ಮರಗಳನ್ನು ಹಾಗೇ ಉಳಿಸಿಕೊಂಡು, ಅವುಗಳ ನಡುವೆ ಬಾಳೆ, ಕೋಕೋ, ಮರಗೆಣಸು, ಮದ್ದಿನ ಗಿಡ ಎಲ್ಲವನ್ನೂ ಬೆಳೆಯುತ್ತಾರೆ. ಕೋಕೋ ನೆರಳಿಗೆ ಒಗ್ಗುವ ಗಿಡ, ಹಾಗಾಗಿ ಮರ ಕಡಿಯಬೇಕಿಲ್ಲ. ಈ ತೋಟದ ಯಜಮಾನಿಕೆ ಮುಖ್ಯವಾಗಿ ಹೆಂಗಸರದು. ಯಾವ ತಳಿ ಉಳಿಸಬೇಕು, ಯಾವುದನ್ನು ಎಲ್ಲಿ ನೆಡಬೇಕು ಅನ್ನುವ ತಿಳಿವಳಿಕೆ ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತದೆ.

ಕೋಕೋ ಕೆಲಸವೂ ನಮ್ಮ ಹುಣಸೆಯಷ್ಟೇ ನಾಜೂಕು. ಕಾಯಿ ಒಡೆದು, ಲೋಳೆ ಸಮೇತ ಬೀಜ ತೆಗೆದು, ಮರದ ಪೆಟ್ಟಿಗೆಯಲ್ಲಿ ಕೆಲವು ದಿನ ಹುಳಿಯಲು ಬಿಟ್ಟು, ಆಮೇಲೆ ಒಣಗಿಸಬೇಕು. ಹುಳಿ ಹದವಾಗಿ ಬಂದರೇನೇ ಚಾಕೊಲೇಟಿನ ಘಮ. ಅಲ್ಲಿನ ಕಲ್ಲಾರಿ ಎಂಬ ಸಹಕಾರ ಸಂಘ ಕಿಚ್ವಾ ಕುಟುಂಬಗಳ ಕೋಕೋದಿಂದ ಚಾಕೊಲೇಟನ್ನೇ ಮಾಡಿ ಮಾರುತ್ತದೆ. 2023ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಚಾಕ್ರಾ ಪದ್ಧತಿಯನ್ನು ಜಗತ್ತಿನ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು.

ನಮ್ಮ ಪಾವಗಡ, ಶಿರಾ ಕಡೆ ಅಮೆಜಾನಿನಂಥ ಮಳೆ ಎಲ್ಲಿಂದ ಬರಬೇಕು? ಆದರೂ ರಾಗಿ ಹೊಲದ ನಡುನಡುವೆ ಬೇರೆ ಬೆಳೆಗೆ ಬಿಡುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಬದುವಿನ ಮೇಲೆ ಹೊಂಗೆ, ಹುಣಸೆ, ಹಲಸು ನಮಗೇನೂ ಹೊಸದಲ್ಲ, ಅಲ್ವಾ? ಬಿತ್ತನೆ ಬೀಜಕ್ಕೆ ಬೂದಿ ಬೆರೆಸಿ ಜೋಪಾನ ಮಾಡುವವರೂ ಮನೆಯ ಹೆಂಗಸರೇ. ಇಷ್ಟಿದ್ದರೂ ಎಷ್ಟೋ ಮನೆಗಳಲ್ಲಿ ಪಹಣಿಯಲ್ಲಿ ಅವರ ಹೆಸರಿಲ್ಲ.

ಹೆಸರಿಲ್ಲದಿದ್ದರೆ ಏನಾಗುತ್ತದೆ ನೋಡಿ. ನಮ್ಮ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಬದುಕಿದ್ದರೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ಅರ್ಜಿ ಜೊತೆ ಪಹಣಿ ಕೊಡಬೇಕು. ಬಿಂದಿಗೆಯಲ್ಲಿ ನೀರು ಹೊತ್ತು ಸಸಿ ಉಳಿಸಿದವಳು ಒಬ್ಬಳು, ಹಣ ಬೀಳುವುದು ಇನ್ನೊಬ್ಬರ ಖಾತೆಗೆ. ಕಾಡಿನ ಜನರಿಗಾಗಿ ಬಂದ 2006ರ ಅರಣ್ಯ ಹಕ್ಕು ಕಾಯ್ದೆ ಗಂಡ ಹೆಂಡತಿ ಇಬ್ಬರ ಹೆಸರಿಗೂ ಹಕ್ಕುಪತ್ರ ಕೊಡಬೇಕು ಅನ್ನುತ್ತದೆ. ಬಯಲುಸೀಮೆಯ ಹೊಲಕ್ಕೂ ಅದೇ ನ್ಯಾಯ ಯಾಕೆ ಬೇಡ?

ಅಕ್ಕಂದಿರೇ, ಮುಂಗಾರಿಗೆ ಇನ್ನೂ ಟೈಮಿದೆ. ಬದುವಿಗೆ ಸಸಿ ತರುವ ಮುಂಚೆ ಮನೆಯಲ್ಲಿ ಪಹಣಿ ವಿಷಯ ಎತ್ತಿ. ಈ ಸಲದ ಹುಣಸೆಯನ್ನು ಸ್ವಸಹಾಯ ಸಂಘದವರೆಲ್ಲ ಸೇರಿ ಒಟ್ಟಿಗೆ ಮಂಡಿಗೆ ಒಯ್ಯಿರಿ. ತಕ್ಕಡಿ ಪಕ್ಕದಲ್ಲಿ ನೀವೇ ನಿಂತು ದರ ಕೇಳಿ.

ನಮಸ್ಕಾರ.