ಡೆಸಿಯಸ್ ಕೇಳಿದ ಒಂದು ಸರ್ಟಿಫಿಕೇಟು, ಇಬ್ಭಾಗವಾದ ಧರ್ಮಸಭೆ

[ಪರದೆ ಮೇಲೆ: ಕಂದು ಬಣ್ಣದ ಪ್ಯಾಪಿರಸ್ ಹಾಳೆ, ಗ್ರೀಕ್ ಬರಹ]

ನಮಸ್ಕಾರ. ಈ ಹಾಳೆ ನೋಡಿ. ಕ್ರಿ.ಶ. 250ರ ಜೂನ್ 26ರಂದು ಈಜಿಪ್ಟಿನಲ್ಲಿ ಬರೆದ ಅರ್ಜಿ ಇದು. ಅರ್ಜಿದಾರನ ಹೆಸರು ಔರೇಲಿಯಸ್ ಡಯೋಜಿನಿಸ್, ಸತಬೂಸನ ಮಗ. ಊರು ಅಲೆಕ್ಸಾಂಡರ್ ದ್ವೀಪ ಅನ್ನುವ ಹಳ್ಳಿ. ವಯಸ್ಸು 72. ಬಲ ಹುಬ್ಬಿನ ಮೇಲೆ ಗಾಯದ ಗುರುತು. ನಮ್ಮ ಹಳೆಯ ಅರ್ಜಿಗಳಲ್ಲಿ ಮಚ್ಚೆ, ಕಲೆ ಬರೆಸುತ್ತಿದ್ದರಲ್ಲ, ಹಾಗೇ.

ಅರ್ಜಿಯಲ್ಲಿ ಅವನು ಹೇಳುವುದು ಇಷ್ಟು. ನಾನು ಯಾವಾಗಲೂ ದೇವರುಗಳಿಗೆ ಬಲಿ ಕೊಡುತ್ತಾ ಬಂದಿದ್ದೇನೆ. ಈಗಲೂ ಅಪ್ಪಣೆಯ ಪ್ರಕಾರ ನಿಮ್ಮ ಕಣ್ಣೆದುರೇ ಬಲಿ ಕೊಟ್ಟೆ, ಪಾನೀಯ ಎರೆದೆ, ಬಲಿಯ ಎಡೆಯನ್ನು ರುಚಿ ನೋಡಿದೆ. ಇದಕ್ಕೆ ನೀವು ಸಹಿ ಹಾಕಿ ಕೊಡಬೇಕು.

ಇಂಥ 40ಕ್ಕೂ ಹೆಚ್ಚು ಹಾಳೆಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಜಾಸ್ತಿ ಸಿಕ್ಕಿದ್ದು ಫಯೂಮ್ ಪ್ರದೇಶದ ಥಿಯಡೆಲ್ಫಿಯಾ ಅನ್ನುವ ಊರಲ್ಲಿ. ಎಲ್ಲದರ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ. ಥಿಯಡೆಲ್ಫಿಯಾದ ಹಾಳೆಗಳ ಕೆಳಗೆ ಸೆರೆನಸ್, ಹರ್ಮಾಸ್ ಅನ್ನುವ ಇಬ್ಬರು ಅಧಿಕಾರಿಗಳ ಮಾತಿದೆ: ನೀನು ಬಲಿ ಕೊಟ್ಟದ್ದನ್ನು ನಾವು ಕಂಡಿದ್ದೇವೆ. ರೋಮನ್ನರು ಇದನ್ನು ಲಿಬೆಲ್ಲಸ್ ಎನ್ನುತ್ತಿದ್ದರು. ನಾವು ಸರ್ಟಿಫಿಕೇಟ್ ಅನ್ನೋಣ.

ಕ್ರೈಸ್ತರ ಮೇಲಿನ ಹಿಂಸೆ ಅಂದರೆ ಎಲ್ಲರಿಗೂ ರೋಮನ್ ಚಕ್ರವರ್ತಿ ನೀರೋ ನೆನಪಾಗುತ್ತಾನೆ. ಆದರೆ ನೀರೋ ಮಾಡಿದ್ದು ರೋಮ್ ನಗರದೊಳಗೆ. ಅವನ ನಂತರವೂ ಸುಮಾರು 200 ವರ್ಷ ಹಿಂಸೆ ನಡೆದದ್ದು ಅಲ್ಲೊಂದು ಇಲ್ಲೊಂದು ಊರಲ್ಲಿ, ಆಗಾಗ. ಇಡೀ ಸಾಮ್ರಾಜ್ಯಕ್ಕೆ ಒಂದೇ ಸಲ ತಟ್ಟಿದ ಮೊದಲ ಆಜ್ಞೆ ಚಕ್ರವರ್ತಿ ಡೆಸಿಯಸ್‌ನದು. ಈ ಸರ್ಟಿಫಿಕೇಟ್ ಕೇಳಿದವನು ಅವನೇ. ಅವನು ಆಳಿದ್ದು 249ರಿಂದ 251ರವರೆಗೆ, ಎರಡು ವರ್ಷ ಕೂಡ ತುಂಬಲಿಲ್ಲ. ಅಷ್ಟರಲ್ಲಿ ಅವನು ಕ್ರೈಸ್ತರಿಗೆ ಬಿಟ್ಟುಹೋದ ಸಮಸ್ಯೆ ಅವನ ನಂತರ ತಲೆಮಾರುಗಟ್ಟಲೆ ಉಳಿಯಿತು. ಸತ್ತವರ ಲೆಕ್ಕಕ್ಕಿಂತ ದೊಡ್ಡದು ಅದು ಅಂತ ನನಗನಿಸುತ್ತದೆ. ಯಾಕೆ ಅಂತ ನೋಡೋಣ.

[ನಕ್ಷೆ: ಡ್ಯಾನ್ಯೂಬ್ ನದಿ, ಸಿರ್ಮಿಯಂ]

ಡೆಸಿಯಸ್ ಹುಟ್ಟಿದ್ದು ಇಂದಿನ ಸರ್ಬಿಯಾದಲ್ಲಿ, ಸಿರ್ಮಿಯಂ ನಗರದ ಹತ್ತಿರ. ಆಗಿನ ಚಕ್ರವರ್ತಿ ಫಿಲಿಪ್ ಅವನನ್ನು ಡ್ಯಾನ್ಯೂಬ್ ಗಡಿಗೆ ಕಳಿಸಿದ್ದ. ಅಲ್ಲಿನ ಸೈನ್ಯ ಡೆಸಿಯಸ್‌ನನ್ನೇ ಚಕ್ರವರ್ತಿ ಎಂದು ಕೂಗಿತು. ಯುದ್ಧವಾಯಿತು, ಫಿಲಿಪ್ ಸತ್ತ. ಅದಕ್ಕೆ ಒಂದು ವರ್ಷದ ಹಿಂದಷ್ಟೇ, 248ರಲ್ಲಿ, ರೋಮ್ ತನ್ನ ಸಾವಿರ ವರ್ಷದ ಹಬ್ಬ ಆಚರಿಸಿತ್ತು. ಆದರೆ ಗಡಿಯಲ್ಲಿ ಗೋಥರು ಅನ್ನುವ ಬುಡಕಟ್ಟಿನವರ ದಾಳಿ, ಒಳಗೆ ದಂಗೆ. ಹೊಸ ಚಕ್ರವರ್ತಿಗೆ ದೇವರುಗಳ ಕೃಪೆ ಬೇಕಿತ್ತು. ಹಳೆಯ ವೈಭವ ವಾಪಸ್ ತರುತ್ತೇನೆ ಅಂತ ಹಿಂದಿನ ಪ್ರಸಿದ್ಧ ಚಕ್ರವರ್ತಿ ಟ್ರಾಜನ್‌ನ ಹೆಸರನ್ನೂ ಇಟ್ಟುಕೊಂಡ. ಸಾಮ್ರಾಜ್ಯದವರೆಲ್ಲ ದೇವರುಗಳಿಗೆ ಬಲಿ ಕೊಡಬೇಕು, ಕೊಟ್ಟದ್ದಕ್ಕೆ ಸರ್ಟಿಫಿಕೇಟ್ ಪಡೆಯಬೇಕು ಎಂದು ಆಜ್ಞೆ ಹೊರಡಿಸಿದ. ಯೆಹೂದ್ಯರನ್ನು ಮಾತ್ರ ಇದಕ್ಕೆ ಒತ್ತಾಯಿಸಿದಂತೆ ಕಾಣುವುದಿಲ್ಲ.

ಆ ಆಜ್ಞೆಯ ಮೂಲ ಪಾಠ ಉಳಿದಿಲ್ಲ. ಆದರೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಒಂದು ಅಮ್ಮೊನೌಸ್ ಅನ್ನುವ ಹೆಂಗಸಿನದು. ಅವಳು ಪೆಟೆಸೂಕೋಸ್ ಎಂಬ ಮೊಸಳೆ ದೇವರ ಪೂಜಾರಿಣಿ! ದೇವರ ಸೇವೆಯೇ ಅವಳ ಕೆಲಸ. ಅವಳೂ ಬಂದು ಬಲಿ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕಾಯಿತು. ಅಂದರೆ ಇದು ಕ್ರೈಸ್ತರನ್ನು ಮಾತ್ರ ಹಿಡಿಯಲು ಹೂಡಿದ ಬಲೆ ಆಗಿರಲಿಲ್ಲ. ಪ್ರತಿಯೊಬ್ಬ ಪ್ರಜೆಯೂ ಲೆಕ್ಕಕ್ಕೆ ಬರಬೇಕಿತ್ತು. ಇದಕ್ಕೆ ಹಿನ್ನೆಲೆ 212ರಲ್ಲಿದೆ. ಆ ವರ್ಷ ಚಕ್ರವರ್ತಿ ಕ್ಯಾರಕಲ್ಲಾ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಜನರಿಗೂ ರೋಮನ್ ಪೌರತ್ವ ಕೊಟ್ಟಿದ್ದ. ಈ ಹಾಳೆಗಳಲ್ಲಿ ಹಳ್ಳಿಯವರ ಹೆಸರೂ ಔರೇಲಿಯಸ್, ಔರೇಲಿಯಾ ಅಂತ ಶುರುವಾಗುವುದು ಅದಕ್ಕೇ. ಅದು ಕ್ಯಾರಕಲ್ಲಾನ ಮನೆತನದ ಹೆಸರು. ಎಲ್ಲರೂ ರೋಮನ್ನರಾದ ಮೇಲೆ ಎಲ್ಲರೂ ರೋಮ್‌ನ ದೇವರುಗಳಿಗೆ ಕೈಮುಗಿಯಲಿ, ಇದು ಡೆಸಿಯಸ್‌ನ ಯೋಚನೆ ಆಗಿದ್ದಿರಬೇಕು.

ಉದ್ದೇಶ ಏನೇ ಇರಲಿ, ಕ್ರೈಸ್ತರಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಮೊದಲು ಯಾರಾದರೂ ದೂರು ಕೊಟ್ಟರೆ ಮಾತ್ರ ಅಪಾಯ. ಈಗ ಸುಮ್ನೆ ಮನೆಯಲ್ಲಿ ಇದ್ದವನೂ ಬಂದು ಬಲಿ ಕೊಡಬೇಕು.

[ಪರದೆ ಮೇಲೆ: 20 ಜನವರಿ 250, ರೋಮ್]

ರೋಮ್‌ನ ಬಿಷಪ್ ಫೇಬಿಯನ್ 250ರ ಜನವರಿ 20ರಂದು ಪ್ರಾಣ ಕೊಟ್ಟರು. ಜೆರುಸಲೇಮಿನ ಬಿಷಪ್ ಅಲೆಕ್ಸಾಂಡರ್ ಸೆರೆಮನೆಯಲ್ಲಿ ತೀರಿಕೊಂಡರು. ದೊಡ್ಡ ಪಂಡಿತ ಒರಿಜೆನ್‌ಗೆ ಚಿತ್ರಹಿಂಸೆ ಕೊಟ್ಟರು. ಬಿಡುಗಡೆಯಾದರೂ ಅವರು ಹೆಚ್ಚು ವರ್ಷ ಬದುಕಲಿಲ್ಲ. ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನಿಸಿಯಸ್ ಸಿಕ್ಕಿಬಿದ್ದಿದ್ದರು. ಆ ಸುದ್ದಿ ಒಂದು ಮದುವೆ ಮನೆಗೆ ಮುಟ್ಟಿತು. ಮದುವೆಗೆ ಬಂದವರು ಊಟ ಬಿಟ್ಟು ಎದ್ದು ಓಡಿ ಬಂದರು. ಅವರ ಕೂಗಾಟಕ್ಕೇ ಕಾವಲಿನ ಸೈನಿಕರು ಓಡಿಹೋದರು. ಬಂದವರು ಕಳ್ಳರು ಅಂದುಕೊಂಡು ಬಿಷಪ್ ತಮ್ಮ ಬಟ್ಟೆಯನ್ನೇ ತೆಗೆದುಕೊಡಲು ಹೋದರಂತೆ. ಇದನ್ನು ಅವರೇ ಪತ್ರದಲ್ಲಿ ಬರೆದಿದ್ದಾರೆ.

ಆದರೆ ಪ್ರಾಣ ಕೊಟ್ಟವರಿಗಿಂತ ಬಾಗಿದವರು ಬಹಳ ಜಾಸ್ತಿ. ಇದನ್ನು ಮುಚ್ಚಿಡದೆ ಬರೆದವರೂ ಬಿಷಪ್‌ಗಳೇ. ಅಲೆಕ್ಸಾಂಡ್ರಿಯಾದಲ್ಲಿ ಕೆಲವರು ಬಲಿಪೀಠದ ಮುಂದೆ ಮುಖ ಬಿಳಿಚಿಕೊಂಡು, ನಡುಗುತ್ತಾ ನಿಂತರು, ಬಲಿ ಕೊಡುವವರು ಇವರೋ, ಬಲಿಯಾಗುವವರು ಇವರೋ ಅನ್ನುವ ಹಾಗೆ ಕಂಡರು ಎಂದು ಡಯೊನಿಸಿಯಸ್ ಹೇಳುತ್ತಾರೆ. ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ ಸಂಜೆಯಾಯಿತು, ನಾಳೆ ಬನ್ನಿ ಅಂದರೂ ಕೇಳದೆ, ಇವತ್ತೇ ಮುಗಿಸಿಕೊಡಿ ಎಂದು ಜನ ಬೇಡಿಕೊಂಡರು. ಇದನ್ನು ಬರೆದವರು ಅಲ್ಲಿನ ಬಿಷಪ್ ಸಿಪ್ರಿಯನ್. ಇಂದಿನ ಟರ್ಕಿಯಲ್ಲಿರುವ ಸ್ಮಿರ್ನಾದಲ್ಲಂತೂ ಬಿಷಪ್ಪೇ ಬಲಿ ಕೊಟ್ಟ.

ಬಾಗಿದವರೆಲ್ಲ ಒಂದೇ ಥರ ಬಾಗಲಿಲ್ಲ. ಕೆಲವರು ಬಲಿ ಕೊಟ್ಟು ಮಾಂಸ ತಿಂದರು. ಕೆಲವರು ಚಿಟಿಕೆ ಧೂಪ ಹಾಕಿ ಬಂದರು. ಇನ್ನು ಕೆಲವರು ಬಲಿಪೀಠದ ಹತ್ತಿರವೂ ಹೋಗದೆ, ಅಧಿಕಾರಿಗೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ಮಾತ್ರ ಬರೆಸಿಕೊಂಡರು. ಹೆಂಡತಿ ಮಕ್ಕಳು, ಮನೆಮಂದಿ ಉಳಿಯಲಿ ಎಂದು ಎಲ್ಲರ ಪರವಾಗಿ ತಾನೊಬ್ಬನೇ ಹೋದವನೂ ಇದ್ದ. ಬೋನಾ ಎಂಬ ಹೆಂಗಸನ್ನು ಗಂಡನೇ ಬಲಿಪೀಠಕ್ಕೆ ಎಳೆದುಕೊಂಡು ಹೋದ. ಅವಳ ಕೈ ಹಿಡಿದು ಬಲಿ ಕೊಡಿಸಿದರು. ನಾನು ಮಾಡಲಿಲ್ಲ, ಮಾಡಿದ್ದು ನೀವು ಎಂದು ಅವಳು ಕೂಗಿಕೊಂಡಳು. ಅವಳನ್ನು ಗಡೀಪಾರು ಮಾಡಿದರು. ಅವಳನ್ನು ಬಾಗಿದವಳು ಅಂತ ಕರೆಯಲು ಯಾರಿಗೆ ಮನಸ್ಸು ಬಂದೀತು?

[ನಕ್ಷೆ: ಅಬ್ರಿಟಸ್, ಇಂದಿನ ಬಲ್ಗೇರಿಯಾ]

251ರಲ್ಲಿ ಡೆಸಿಯಸ್ ಅಬ್ರಿಟಸ್ ಎಂಬಲ್ಲಿ ಗೋಥರ ಜೊತೆ ಹೋರಾಡುತ್ತಾ ಮಗನ ಸಮೇತ ಸತ್ತ. ಹೊರಗಿನ ಶತ್ರುವಿನ ಜೊತೆಗಿನ ಯುದ್ಧದಲ್ಲಿ ಸತ್ತ ಮೊದಲ ರೋಮನ್ ಚಕ್ರವರ್ತಿ ಅವನೇ. ಅವನು ಸಾಯುವ ಮೊದಲೇ ಹಿಂಸೆಯ ಬಿಸಿ ಆರಿತ್ತು. ಬಾಗಿದವರು ಅಳುತ್ತಾ ಧರ್ಮಸಭೆಗೆ, ಅಂದರೆ ಕ್ರೈಸ್ತ ಸಮುದಾಯಕ್ಕೆ, ವಾಪಸ್ ಬರತೊಡಗಿದ್ದರು. ನಿಜವಾದ ಕಷ್ಟ ಶುರುವಾದದ್ದು ಇಲ್ಲಿ.

ಜನರ ಮುಂದೆ ನನ್ನನ್ನು ಅಲ್ಲಗಳೆದವನನ್ನು ನಾನೂ ತಂದೆಯ ಮುಂದೆ ಅಲ್ಲಗಳೆಯುತ್ತೇನೆ ಎಂದು ಯೇಸು ಹೇಳಿದ ಮಾತು ಬೈಬಲಿನ ಸುವಾರ್ತೆಯಲ್ಲಿದೆ. ಯೇಸುವನ್ನು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನಿಗೆ ಕ್ಷಮೆ ಸಿಕ್ಕಿದ್ದೂ ಅದೇ ಸುವಾರ್ತೆಗಳಲ್ಲಿದೆ. ಈಗ ಬಾಗಿದವರನ್ನು ಸಭೆಗೆ ಸೇರಿಸಿಕೊಂಡು ಪರಮಪ್ರಸಾದ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಡಬೇಕೋ ಬೇಡವೋ? ಅದನ್ನು ತೀರ್ಮಾನಿಸುವವರು ಯಾರು?

ಕಾರ್ತೇಜಿನಲ್ಲಿ ಸೆರೆಮನೆಯಲ್ಲಿದ್ದ ಧೀರರು ಒಂದು ಉತ್ತರ ಕೊಟ್ಟರು. ನಂಬಿಕೆಗಾಗಿ ನೋವುಂಡವರು ಅವರು. ಜನಕ್ಕೆ ಅವರ ಮೇಲೆ ಅಪಾರ ಗೌರವ. ಅವರು ಬಾಗಿದವರಿಗೆ ಕ್ಷಮೆಯ ಚೀಟಿ ಬರೆದುಕೊಡತೊಡಗಿದರು. ಕೆಲವು ಚೀಟಿಗಳಲ್ಲಿ ಇಂಥವನನ್ನು ಅವನ ಕಡೆಯವರ ಸಮೇತ ಸೇರಿಸಿಕೊಳ್ಳಿ ಅಂತ ಇರುತ್ತಿತ್ತು. ಕಡೆಯವರು ಅಂದರೆ ಎಷ್ಟು ಜನ? 20, 30 ಜನ ಬಂದರೂ ಇಲ್ಲ ಅನ್ನುವ ಹಾಗಿಲ್ಲ. ಸಿಪ್ರಿಯನ್ ಇದನ್ನು ಒಪ್ಪಲಿಲ್ಲ. ಆದರೆ ಹಿಂಸೆಯ ಹೊತ್ತಿನಲ್ಲಿ ಅವರು ಊರು ಬಿಟ್ಟು ಅಡಗಿಕೊಂಡಿದ್ದರು, ಅಲ್ಲಿಂದಲೇ ಪತ್ರ ಬರೆದು ಸಭೆ ನಡೆಸುತ್ತಿದ್ದರು. ಓಡಿಹೋದವರು ಸೆರೆಯಲ್ಲಿದ್ದವರಿಗೆ ಬುದ್ಧಿ ಹೇಳುವುದೇ ಅಂತ ಹಲವರಿಗೆ ಸಿಟ್ಟು. ಆ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೂ 251ರಲ್ಲಿ ಕಾರ್ತೇಜಿನಲ್ಲಿ ಸೇರಿದ ಬಿಷಪ್‌ಗಳು ತೆಗೆದುಕೊಂಡ ತೀರ್ಮಾನ ನೋಡಿ. ಒಬ್ಬೊಬ್ಬರ ವಿಷಯವನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಕಾಗದ ಮಾತ್ರ ಕೊಂಡವರನ್ನು ಸೇರಿಸಿಕೊಳ್ಳಬಹುದು. ಬಲಿ ಕೊಟ್ಟವರು ಪಶ್ಚಾತ್ತಾಪದಲ್ಲಿ ಇರಬೇಕು, ಸಾಯುವ ಹೊತ್ತಿಗೆ ಅವರಿಗೂ ಕ್ಷಮೆ. ಮುಂದೆ ಮತ್ತೆ ಹಿಂಸೆಯ ಭಯ ಬಂದಾಗ ಪಶ್ಚಾತ್ತಾಪದಲ್ಲಿದ್ದವರನ್ನೆಲ್ಲ ಸೇರಿಸಿಕೊಂಡರು. ಬೋನಾಳಂಥವರ ಕಥೆ ಕೇಳಿದ ಮೇಲೆ, ಒಬ್ಬೊಬ್ಬರನ್ನೂ ಕೂರಿಸಿ ವಿಚಾರಿಸುವ ಈ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ. ಇದರ ಜೊತೆಗೇ ಇನ್ನೊಂದು ಬದಲಾವಣೆಯೂ ಆಯಿತು. ಕ್ಷಮಿಸುವ ಅಧಿಕಾರ ಸೆರೆಮನೆಯ ಧೀರರ ಕೈಯಿಂದ ಬಿಷಪ್‌ಗಳ ಕೈಗೆ ಬಂತು, ಅಲ್ಲೇ ನಿಂತಿತು.

ರೋಮ್‌ನಲ್ಲಿ ಮಾತ್ರ ಜಗಳ ಹರಿಯಲಿಲ್ಲ. ಫೇಬಿಯನ್ ಸತ್ತ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಬಿಷಪ್ ಇರಲಿಲ್ಲ. 251ರಲ್ಲಿ ಕೊರ್ನೀಲಿಯಸ್ ಆಯ್ಕೆಯಾದರು. ಅವರೇ ಬರೆದ ಲೆಕ್ಕದ ಪ್ರಕಾರ ಆಗ ರೋಮ್‌ನ ಸಭೆಗೆ 46 ಗುರುಗಳು, ಅಂದರೆ ಪಾದ್ರಿಗಳು, ಇದ್ದರು, 1500ಕ್ಕೂ ಹೆಚ್ಚು ವಿಧವೆಯರನ್ನೂ ಬಡವರನ್ನೂ ಸಭೆಯೇ ಸಾಕುತ್ತಿತ್ತು. ಅಷ್ಟು ದೊಡ್ಡ ಸಭೆ ಒಡೆಯಿತು. ಬಾಗಿದವರನ್ನು ಸಭೆ ಎಂದೂ ಸೇರಿಸಿಕೊಳ್ಳಬಾರದು, ಕ್ಷಮಿಸುವುದು ದೇವರಿಗೆ ಬಿಟ್ಟದ್ದು ಎಂದು ನೊವೇಷಿಯನ್ ಎಂಬ ಪಂಡಿತ ಗುರು ಎದುರಾಳಿ ಬಿಷಪ್ ಆಗಿ ನಿಂತರು. ಅವರ ಪಂಗಡ ತಮ್ಮನ್ನು ಶುದ್ಧರು ಎಂದು ಕರೆದುಕೊಂಡಿತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, 5ನೇ ಶತಮಾನದಲ್ಲೂ ಅವರಿಗೆ ತಮ್ಮದೇ ಬಿಷಪ್‌ಗಳಿದ್ದರು.

325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾ ನಗರದಲ್ಲಿ ಕರೆದ ಬಿಷಪ್‌ಗಳ ಮಹಾಸಭೆ ಈ ಪಂಗಡದ ಬಗ್ಗೆ ಒಂದು ನಿಯಮವನ್ನೇ ಮಾಡಿತು. ಅವರ ಗುರುಗಳು ವಾಪಸ್ ಬರುವುದಾದರೆ ಬರಲಿ, ಆದರೆ ಹಿಂಸೆಯಲ್ಲಿ ಬಾಗಿದವರ ಜೊತೆ ಒಂದೇ ಸಭೆಯಲ್ಲಿ ಇರುತ್ತೇವೆ ಎಂದು ಬರೆದುಕೊಡಬೇಕು.

ಅಷ್ಟರಲ್ಲಿ ಇನ್ನೊಂದು ದೊಡ್ಡ ಹಿಂಸೆ ಬಂದು ಹೋಗಿತ್ತು. 303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರಿಂದ ಮೊದಲು ಕೇಳಿದ್ದು ಬಲಿಯನ್ನಲ್ಲ, ಅವರ ಪವಿತ್ರ ಪುಸ್ತಕಗಳನ್ನು. ಕೊಟ್ಟವರು ಯಾರು, ಕೊಡದವರು ಯಾರು ಅಂತ ಆಫ್ರಿಕಾದ ಸಭೆ ಮತ್ತೆ ಎರಡಾಯಿತು. ಅದು ಮುಂದಿನ ವಿಡಿಯೋದಲ್ಲಿ.